ಹೊಸಬರನ್ನು ಬಿಡುವ ಮೊದಲು

ಕೆರೆದುಕೊಂಡಿತೇ, ಇಲ್ಲಾ ಸುಮ್ಮನೆ ಹೊರಳಿತೇ, ಆ ಚಿಕ್ಕ ಹಳದಿ ಮೀನು ಟಬ್ಬಿನ ತಳದಲ್ಲಿಟ್ಟ ಪೈಪಿನ ತುಂಡಿಗೆ ಪಕ್ಕೆ ಉಜ್ಜಿ ಫಳಕ್ಕನೆ ತಿರುಗಿದ್ದನ್ನು ಅವಳು ಕಂಡಳು, ಕಂಡಳೋ ಕಂಡ ಹಾಗಾಯಿತೋ, ಮೂಗು ನೀರಿಗೆ ತಾಗುವಷ್ಟು ಬಗ್ಗಿದಳು, ಎಲ್ಲಿ, ಇನ್ನೊಂದು ಸಲ ಮಾಡು ನೋಡೋಣ — ಮಾಡಲಿಲ್ಲ, ಅವಳ ನೆರಳು ಬಿದ್ದದ್ದೇ ತಡ ಹೊಸ ಮೀನುಗಳೆಲ್ಲ ಒಟ್ಟಿಗೆ ಮೇಲೆ ಬಂದು ಬಾಯಿ ಬಿಟ್ಟವು, ಹಸಿದು ಬಾಯಿ ಬಿಡೋರ ಬಗ್ಗೆ ಹೆದರ್ಬೇಡ ಕಣೇ, ಬಾಯಿ ಮುಚ್ಕೊಂಡು ಮೂಲೆ ಸೇರಿದೋರ ಮೇಲೆ ಕಣ್ಣಿಡು, ಎಂದಿದ್ದ ಗಂಡ, ಮೈಮೇಲೆ ಉಪ್ಪು ಉದುರಿಸಿದ ಹಾಗೆ ಚುಕ್ಕೆ ಇದೆಯಾ ನೋಡು, ಹಿಕ್ಕೆ ಬಿಳಿ ದಾರದ ಹಾಗೆ ಜೋತಾಡುತ್ತಾ ನೋಡು, ಸಿಕ್ಕ ಸಿಕ್ಕದ್ದಕ್ಕೆ ಮೈ ಉಜ್ಜುತ್ತಾವಾ ನೋಡು, ನೋಡಿದ್ದಳು, ವಾರಗಟ್ಟಲೆ ಬಚ್ಚಲಿನ ಪಕ್ಕದ ಈ ಟಬ್ಬಿನ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದ್ದೇ ನೋಡಿದ್ದು, ಹೊಟ್ಟೆಯ ಹುಳಕ್ಕೆ ಊಟದಲ್ಲೇ ಔಷಧಿ ಬೆರೆಸಿ ಹಾಕಿದ್ದಳು, ಇದರ ಬಲೆ ಬೇರೆ, ಹಜಾರದ ಗಾಜಿನ ತೊಟ್ಟಿಯ ಬಲೆ ಬೇರೆ, ಇದರ ನೀರು ಮುಟ್ಟಿದ ಕೈಯನ್ನು ಮೊಣಕೈವರೆಗೆ ತೊಳೆಯದೆ ಅದರ ಹತ್ತಿರ ಸುಳಿಯುವಂತಿಲ್ಲ, ಬಾಣಂತಿಗೂ ಇಷ್ಟು ಪಥ್ಯ ಮಾಡಿರ್ಲಿಲ್ಲ ಕಣಮ್ಮ ನಾವು, ಅಡುಗೆಮನೆಯಿಂದ ಅತ್ತೆ, ಇವತ್ತಾದ್ರೂ ಬಿಡ್ತೀಯಾ, ಇಲ್ಲ ಸ್ನಾನಕ್ಕೆ ಹೋಗುವಾಗೆಲ್ಲ ಈ ಟಬ್ಬು ದಾಟ್ಕೊಂಡೇ ಹೋಗ್ಬೇಕಾ ನಾನು, ಬಿಡ್ತೀನಿ ಅತ್ತೆ, ಇವತ್ತು ಬಿಡ್ತೀನಿ, ನಿನ್ನೆಯೂ ಹಾಗೇ ಅಂದಿದ್ದೆ, ಅಂದಿದ್ದಳು ನಿಜ, ವಕೀಲರ ಮಾತು ಕಿವಿಯಲ್ಲೇ ಇದೆ, ಜಾಮೀನು ಇವತ್ತೋ ನಾಳೆಯೋ ಅನ್ನೋ ಹಾಗಿದೆ ತಾಯಿ, ಹಾಗಂತ ಬಾಗಿಲಲ್ಲಿ ನಿಂತ್ಕೋಬೇಡ, ನಿಲ್ಲುವುದಿಲ್ಲ, ತೊಟ್ಟಿ ತುಂಬಿಸುತ್ತಾಳೆ, ಗಂಡ ಒಳಗೆ ಕಾಲಿಟ್ಟಾಗ ಅಷ್ಟು ದೊಡ್ಡ ಗಾಜಿನೊಳಗೆ ಒಂದೇ ಒಂದು ಮೀನು ಅಲೆಯುತ್ತಿರಬಾರದು, ಅಷ್ಟೇ, ಒಂದೇ ಒಂದು ಉಳಿದದ್ದು ಕನ್ನಡಕದವನ ದಯೆಯಿಂದ, ಗಂಡನ ಓದುಬಳಗದ ಗೆಳೆಯ, ಗಂಡನನ್ನು ಹಿಡಿದೊಯ್ದ ವಾರವೇ, ಅತ್ತಿಗೆ, ಮನೇಲಿ ಒಂಚೂರು ಬಣ್ಣ ಇರ್ಲಿ ಅಂತ, ಎನ್ನುತ್ತ ಅಂಗಡಿಯ ಕವರಿನಲ್ಲಿದ್ದ ಮೀನನ್ನು ನೀರಿನ ಸಮೇತ ಸುರಿದೇಬಿಟ್ಟ, ಪುಣ್ಯಾತ್ಮ, ಸಮಾಜದ ರೋಗವನ್ನೆಲ್ಲ ಬೇರುಸಮೇತ ಬಲ್ಲವನಿಗೆ ಕವರಿನ ನೀರಲ್ಲಿದ್ದ ರೋಗ ಕಾಣಲಿಲ್ಲ, ಚುಕ್ಕೆ ಎದ್ದಿತು, ಕೆಂಪು ಹೋಯಿತು, ಪಟ್ಟೆಯದು ಹೋಯಿತು, ಉಳಿದದ್ದು ನೀಲಿ ಗಡವ, ಉಳಿದವನ್ನೆಲ್ಲ ಅಟ್ಟಿಸಿಕೊಂಡು ಹೋಗಿ ಕಚ್ಚುತ್ತಿದ್ದದ್ದಕ್ಕೆ ಗಂಡ ಅದಕ್ಕಿಟ್ಟ ಹೆಸರು ಸೂಪರ್‌ವೈಸರ್, ನೋಡ್ದ್ಯಾ, ದುಡಿಯೋರೆಲ್ಲ ಸತ್ರು, ಸೂಪರ್‌ವೈಸರ್‌ಗೆ ಒಂದು ಕೆಮ್ಮೂ ಬರ್ಲಿಲ್ಲ, ಎಂದು ಗಾಜಿನಾಚೆ ಫೋನು ಕಿವಿಗಿಟ್ಟುಕೊಂಡು ನಕ್ಕಿದ್ದ —

ಗಾಜಿನಾಚೆ, ಜೈಲಿನ ಭೇಟಿ ಕೋಣೆಯಲ್ಲಿ, ನಡುವೆ ಜಿಡ್ಡುಗಟ್ಟಿದ ದಪ್ಪ ಗಾಜು, ಅದರ ಮೇಲೆ ಅವನು ಒತ್ತಿ ಹಿಡಿಯುತ್ತಿದ್ದ ಬಲಗೈ, ಮಧ್ಯದ ಬೆರಳು ಅರ್ಧವೇ ಇರುವ ಕೈ, ಮನೆಯಲ್ಲಿ ತೊಟ್ಟಿಯ ಗಾಜಿಗೆ ಅದೇ ಕೈ ಒತ್ತಿದರೆ ಸೂಪರ್‌ವೈಸರ್ ಓಡಿಬಂದು ಬೆರಳಿಲ್ಲದ ಜಾಗಕ್ಕೆ ಬಾಯಿ ಹಚ್ಚುತ್ತಿತ್ತು, ನೋಡೇ, ಉಳಿದರ್ಧ ತಿಂದೋನು ಇವನೇ, ಎನ್ನುತ್ತಿದ್ದ, ತಿಂದದ್ದು ಕಾರ್ಖಾನೆಯ ಪ್ರೆಸ್ಸು, ನಿನ್ನದೇ ಅಜಾಗರೂಕತೆ ಎಂದಿತು ಕಂಪನಿ, ನಿಮ್ಮ ಯಂತ್ರಕ್ಕೆ ಜಾಗರೂಕತೆ ಕಲಿಸಿ ಎಂದು ಮುಷ್ಕರ ಹೂಡಿ ಗೇಟಿನ ಮುಂದೆ ಕೂತರು ಇವರೆಲ್ಲ, ಯಾರೋ ಕಲ್ಲು ಹೊಡೆದರು, ಯಾರು ಹೊಡೆಸಿದರೋ, ಹಿಡಿದದ್ದು ಇವನನ್ನು, ಅರ್ಧ ಬೆರಳಿನ ಕೈಲಿ ಹೇಗೆ ಸಾರ್ ಗುರಿಯಿಟ್ಟು ಹೊಡೀತಾರೆ, ವಕೀಲರನ್ನು ಕೇಳಿದ್ದಳು, ಎಡಗೈಲಿ ಹೊಡೆದ ಅಂತಾರೆ ತಾಯಿ, ಎಷ್ಟು ಕೈ ಬೇಕೋ ಅಷ್ಟು ಹುಟ್ಟಿಸ್ತಾರೆ ಅವರು, ಆ ಗಾಜಿನ ಮುಂದೆ ಮಾತಾದರೂ ಏನಿತ್ತು, ಮುಷ್ಕರದ ಸುದ್ದಿ ಬಂದರೆ ಫೋನು ಕಟ್, ನೀವಿಲ್ಲದ ಹಾಸಿಗೆ ಎಷ್ಟು ಅಗಲ ರೀ ಎಂದು ಪೇದೆಯ ಎದುರು ಹೇಳುವುದು ಹೇಗೆ, ಹಾಗಾಗಿ ಮೀನು, ಬರೀ ಮೀನು, ನೀರು ಬೆಚ್ಚಗಿದೆಯಾ ಎಂದರೆ ನೀನು ಬೆಚ್ಚಗಿದ್ದೀಯಾ ಎಂದು, ಸರಿಯಾಗಿ ತಿಂತಾ ಇದೆಯಾ ಎಂದರೆ ನೀನು ತಿಂದೆಯಾ ಎಂದು, ಕೊನೆಯ ಭೇಟಿಯಲ್ಲಿ ಹೇಳಿದ, ಹೊಸಬರನ್ನ ತಂದ್ರೆ ನೇರ ಬಿಡ್ಬೇಡ, ಬೇರೆ ಕಡೆ ಇಡು, ಔಷಧಿ ಕೊಡು, ಬಿಡೋ ದಿನ ಟ್ಯಾಂಕಿನ ಕಲ್ಲನ್ನೆಲ್ಲ ಕಿತ್ತು ಜಾಗ ಬದಲಾಯಿಸು, ಒಂದು ಕಲ್ಲೂ ಇದ್ದಲ್ಲಿ ಇರಕೂಡ್ದು, ಇಲ್ಲಾಂದ್ರೆ ಸೂಪರ್‌ವೈಸರ್ ಇದು ನನ್ನ ಅಪ್ಪನ ಮನೆ ಅಂತ ಹೊಸಬರನ್ನ ಸಾಯಿಸ್ತಾನೆ, ಜಾಗದ ಗುರುತು ತಪ್ಪಿದ್ರೆ ಅವನೂ ಹೊಸಬನೇ, ಯಜಮಾನಿಕೆ ಮುಗೀತು — ಹಿಂದೆ ನಿಂತ ಪೇದೆಯ ಕಿವಿ ನಿಮಿರಿತು, ಯಾರಮ್ಮ ಆ ಹೊಸಬರು, ಎಲ್ಲಿಟ್ಟಿದ್ದೀರಾ, ಯಾವ ಕಲ್ಲು, ಮೀನು ಸಾರ್, ಸಿಕ್ಲಿಡ್ ಅಂತ, ಸಿಕ್ಲಿಡ್ಡಾ, ಅದ್ಯಾವ ಸಂಘ, ನಕ್ಕುಬಿಟ್ಟಿದ್ದರು ಇಬ್ಬರೂ, ಆ ನಗುವಿಗೆ ಇವತ್ತಿಗೂ ದಂಡ ತೆರುತ್ತಿದ್ದಾರೆ, ವರದಿ ಹೋಯಿತು, ಭೇಟಿ ರದ್ದಾಯಿತು, ಅವನಿಗೆ ಒಂಟಿ ಕೋಣೆಯಾಯಿತು, ಹೊಸಬರನ್ನು ಬೇರೆಯಿಡು ಎಂದವನನ್ನೇ ಬೇರೆಯಿಟ್ಟರು, ಯಾವ ಹುಳ ಕಂಡರು ಅವನ ಮೈಯಲ್ಲಿ, ಯಾಕೆ ಎಂದು ಕೇಳುವ ಹುಳವೇ, ಯಾರಿಗೆ ಅಂಟೀತೆಂದು ಅಷ್ಟು ಹೆದರಿಕೆ, ಈ ಟಬ್ಬಿನ ಮೀನಿಗಾದರೂ ಹೊರಬೀಳುವ ದಿನವೊಂದಿದೆ.

ದಿನ ಬಂದಾಗಿದೆ, ಬಂದು ದಾಟಿಯೂ ಆಗಿದೆ, ಒಂದು ಸಲ ಹೊರಳಿದ್ದಕ್ಕೆ ರೋಗ ಹುಡುಕುತ್ತಿದ್ದಾಳೋ, ನೆಪ ಹುಡುಕುತ್ತಿದ್ದಾಳೋ, ಕೈ ತೊಳೆದಳು, ಮೊಣಕೈವರೆಗೆ, ತೊಟ್ಟಿಯ ಮುಂದೆ ನಿಂತಳು, ನಿನ್ನೆಯೂ ಇಲ್ಲೇ ಕೈ ನಿಂತದ್ದು, ಕಲ್ಲಿನ ಮೇಲೆ, ಮನೆ ಶೋಧಿಸಲು ಬಂದವರು ಹಾಸಿಗೆ ಸೀಳಿದರು, ಪುಸ್ತಕ ಕೊಡವಿದರು, ಹಿಟ್ಟಿನ ಡಬ್ಬ ಬೋರಲು ಹಾಕಿದರು, ತೊಟ್ಟಿಯನ್ನು ಮಾತ್ರ ಲಾಠಿಯ ತುದಿಯಿಂದ ಟಕಟಕ ಬಡಿದು ಬಿಟ್ಟರು, ಅವನ ಅಂಗಿಗಳನ್ನು ಅತ್ತೆ ಒಗೆದರು, ದಿಂಬಿನ ವಾಸನೆ ತಾನಾಗಿ ಹೋಯಿತು, ಅವನ ಕೈ ಇಟ್ಟದ್ದು ಇಟ್ಟ ಹಾಗೇ ಉಳಿದಿರುವುದು ಇಡೀ ಲೋಕದಲ್ಲಿ ಇಷ್ಟೇ, ಈ ಚಪ್ಪಡಿ, ಅದಕ್ಕೆ ಒರಗಿದ ಕರಿಕಲ್ಲು, ನಡುವೆ ಸೂಪರ್‌ವೈಸರನ ಗವಿ, ತೋಳು ಮುಳುಗಿಸಿ ಜೋಡಿಸುವಾಗ ಏನೋ ಗುನುಗುತ್ತಿದ್ದ, ತಾಳ ತಪ್ಪುತ್ತಿತ್ತು, ತಪ್ಪಿದಲ್ಲೆಲ್ಲ ಅವಳತ್ತ ತಿರುಗಿ ಹುಬ್ಬು ಹಾರಿಸುತ್ತಿದ್ದ, ಕಿತ್ತರೆ ಅದೂ ಹೋಯಿತು, ಕೀಳದಿದ್ದರೆ ಹೊಸಬರು ಉಳಿಯುವುದಿಲ್ಲ — ತೆಗಿಯೇ, ಬೆನ್ನ ಹಿಂದೆಯೇ ಅತ್ತೆ, ಅವನೇ ತಾನೇ ಹೇಳಿದ್ದು, ಬಂದು ಮತ್ತೆ ಜೋಡಿಸ್ಕೋತಾನೆ, ಕೈ ಇದೆಯಲ್ಲ ಅವನಿಗೆ, ಇದೆ ಅತ್ತೆ, ಇದೆ, ಸರಿ ಮತ್ತೆ, ಆ ತುದಿ ಹಿಡಿ, ಮೊಣಕೈವರೆಗೆ ತೊಳ್ಕೊಂಡೇ ಬಂದಿದ್ದೀನಿ, ಬೈಬೇಡ, ನಾಲ್ಕು ಕೈ ನೀರೊಳಗೆ, ಚಪ್ಪಡಿ ಮೇಲೆದ್ದಿತು, ಅವನು ಇಟ್ಟ ಗುರುತು ಮರಳಿನಲ್ಲಿ ಒಂದು ಕ್ಷಣ ಹಾಗೇ ನಿಂತು ಕುಸಿಯಿತು, ಉಳಿದ ಕಲ್ಲುಗಳೂ ಜಾಗ ಬದಲಿಸಿದವು, ನೀರು ಕದಡಿತು, ಸೂಪರ್‌ವೈಸರ್ ಇಲ್ಲದ ಗವಿಗೆ ನುಗ್ಗಿ ಗಕ್ಕನೆ ನಿಂತಿತು, ಅತ್ತ ಹೋಯಿತು, ಇತ್ತ ಬಂತು, ಟಬ್ಬಿನ ಹನಿ ನೀರೂ ಬೀಳದ ಹಾಗೆ ಬಲೆಯಲ್ಲಿ ಸೋಸಿ ಹಿಡಿದು ಒಂದೊಂದಾಗಿ ಬಿಟ್ಟಳು, ಹಳದಿ, ಕಿತ್ತಳೆ, ಮತ್ತೆ ಹಳದಿ, ಚದುರಿದವು, ಒಂದೊಂದು ಕಲ್ಲಿನ ಸಂದಿ ಹಿಡಿದವು, ಯಾವುದನ್ನೂ ಸೂಪರ್‌ವೈಸರ್ ಕಚ್ಚಲಿಲ್ಲ, ದಿಕ್ಕು ತಪ್ಪಿದವರ ಹಾಗೆ ಗಾಜಿನ ಬಳಿ ಬಂದು ಸುಮ್ಮನೆ ನಿಂತಿತು, ಒದ್ದೆ ಅಂಗೈಯನ್ನು ಗಾಜಿಗೆ ಒತ್ತಿದಳು, ಹಿಂದೆ ಸರಿಯಿತು, ತುಂಬು ಬೆರಳಿನ ಕೈ ಅದಕ್ಕೆ ಗುರುತಿಲ್ಲ, ಮಧ್ಯದ ಬೆರಳನ್ನು ಮಡಚಿದಳು, ಬಂತು, ನೀಲಿ ಮೈ ಕುಲುಕಿಸುತ್ತ ನೇರ ಬಂತು, ಬೆರಳಿಲ್ಲದ ಜಾಗಕ್ಕೆ ಬಾಯಿ ಹಚ್ಚಿತು, ಹೊರಗೆ ಯಾರೋ ಮೆಟ್ಟಿಲು ಹತ್ತುತ್ತಿದ್ದಾರೆ, ಅತ್ತೆ ಬಾಗಿಲಿಗೆ ಹೋದರು, ಪಕ್ಕದ ಮನೆಯವರಿರಬೇಕು, ಇರಲಾರರು, ಇರಬೇಕು, ಅವಳು ಕೈ ತೆಗೆಯಲಿಲ್ಲ, ಅರ್ಧ ಬೆರಳು, ನಡುವೆ ಗಾಜು, ಆಚೆ ಬಾಯಿ, ಅರ್ಧ ಬೆರಳು, ಗಾಜು, ಅರ್ಧ ಬೆರಳು