ಮುತ್ತುರಾಜುವಿನ ಜೀಪಿಗೆ ಎಷ್ಟು ಗಾಳಿ?

ನಾಗಲಮಡಿಕೆಯ ಕಡೆ, ಹೊಳೆಯ ಮರಳು ದಾಟಿದ ಮೇಲೆ ಒಂದು ಹಟ್ಟಿ ಇದೆ. ಹದಿನೆಂಟು ಮನೆ. ವರ್ಷದ ಹೆಚ್ಚು ದಿನ ಹೊಳೆಯಲ್ಲಿ ನೀರಿರುವುದಿಲ್ಲ, ಕಾಲಿಟ್ಟರೆ ಕಣಕಾಲು ಹೂಳುವಷ್ಟು ಮರಳಿರುತ್ತದೆ. ಹಟ್ಟಿಯವರಿಗೆ ಅದೇ ದಾರಿ.

ಆ ಹಟ್ಟಿಯ ಸಣ್ಣಕ್ಕನಿಗೆ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಎರಡು ಸಲ ಪಾವಗಡಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ತಾಯಿಗೆಂದೇ ಮಗ ಮುತ್ತುರಾಜು ನಾಲ್ಕೂ ಚಕ್ರ ಎಳೆಯುವ ಹಳೆಯ ಜೀಪೊಂದನ್ನು ತಂದಿದ್ದ. ಹೋದ ತಿಂಗಳು ಅದಕ್ಕೆ ಹೊಸ ಟೈರುಗಳನ್ನೂ ಹಾಕಿಸಿದ. ಕಲ್ಲು, ಕೆಸರು, ಮರಳು, ಟಾರು ಎಲ್ಲಕ್ಕೂ ಆಗುವ ದಪ್ಪ ಹಲ್ಲಿನ ಟೈರು. ಅಂಗಡಿಯವರು ಅದನ್ನು ಆಲ್ ಟೆರೇನ್ ಎನ್ನುತ್ತಾರೆ.

ಸೋಮವಾರ ಬೆಳಗ್ಗೆ ಆ ಜೀಪು ಹೊಳೆಯ ನಡುವೆ ಹೂತುಕೊಂಡಿತು. ಚಕ್ರಗಳು ತಿರುಗಿದಷ್ಟೂ ಗುಂಡಿ ಆಳವಾಯಿತು. ಟ್ರ್ಯಾಕ್ಟರ್ ಬಂದು ಎಳೆಯುವ ಹೊತ್ತಿಗೆ ಆಸ್ಪತ್ರೆಯ ಸರದಿ ತಪ್ಪಿತ್ತು. ಸಂಜೆಗೆ ಸಣ್ಣಕ್ಕನ ಪಾದ ಊದಿ, ಉಸಿರು ಮೇಲೆ ಮೇಲೆ ಆಡುತ್ತಿತ್ತು. ಫೋನಿನಲ್ಲಿ ನರ್ಸಮ್ಮ ಹೇಳಿದರು: “ನಾಳೆ ಬೆಳಗ್ಗೆ ಎಂಟಕ್ಕೆ ಒಂದು ಮಿಷನ್ ಖಾಲಿ ಇದೆ. ಇದೊಂದನ್ನ ತಪ್ಪಿಸಬೇಡಿ.”

ಸುದ್ದಿ ಕೇಳಿ ಮುತ್ತುರಾಜುವಿನ ಹೆಂಡತಿ ವರಲಕ್ಷ್ಮಿಯ ತಂಗಿ ತೇಜಸ್ವಿನಿ ಬಂದಳು. ಅವಳಿಗೆ ವಳ್ಳೂರಿನ ಸೋಲಾರ್ ಪಾರ್ಕಿನಲ್ಲಿ ಗಾಡಿಗಳನ್ನು ನೋಡಿಕೊಳ್ಳುವ ಕೆಲಸ. ಗಾಳಿ ಅಳೆಯುವ ಗೇಜನ್ನೂ ತುಂಬುವ ಸಣ್ಣ ಪಂಪನ್ನೂ ಜೊತೆಗೆ ತಂದಿದ್ದಳು. ಅಂಗಳದಲ್ಲಿ ಜೀಪಿನ ಸುತ್ತ ಒಂದು ಸುತ್ತು ಬಂದು ಕೇಳಿದಳು:

“ಏನ್ ಭಾವ, ಇಷ್ಟು ದಪ್ಪ ಹಲ್ಲಿನ್ ಟೈರ್ ಹಾಕ್ಸಿ ಟ್ರ್ಯಾಕ್ಟರ್ ಕೈಲಿ ಎಳಿಸ್ಕೊಂಡ್ಯಂತೆ?”

“ಟೈರಿಂದೇನ್ ತಪ್ಪಿಲ್ಲ ಕಣಮ್ಮ. ಹಾಳು ಮರಳು. ಗಾಳಿ ಬೇಕಾದ್ರೆ ನೋಡು, ಐವತ್ತು ಪಾಯಿಂಟ್ ಹೊಡ್ಸಿವ್ನಿ. ಕಲ್ಲಿದ್ದಂಗೈತೆ.”

“ಐವತ್ತು ಅಂತ ಯಾರ್ ಹೇಳಿದ್ದು?”

“ಟೈರ್ ಮ್ಯಾಲೇ ಬರ್ದೈತಲ್ಲ!”

“ಅದು ಐವತ್ತು ದಾಟ್ಬೇಡ ಅಂತ ಬರ್ದಿರೋದು ಭಾವ. ಐವತ್ತೇ ಹಾಕು ಅಂತಲ್ಲ. ಬಸ್ಸಲ್ಲಿ ಐವತ್ತೈದು ಜನ ಅಂತ ಬರ್ದಿರ್ತಾರೆ. ಅಷ್ಟೂ ಜನ ಹತ್ತೋಗಂಟ ಬಸ್ ಹೊರಡೋದೇ ಇಲ್ವಾ? ಮರಳಲ್ಲಂತೂ ಗಾಳಿ ಇಳಿಸ್ಬೇಕು.”

ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ ಓಬಳಯ್ಯ, ಮುತ್ತುರಾಜುವಿನ ತಂದೆ, ತಲೆಯೆತ್ತಿದ.

“ಏಮಮ್ಮಾ, ಈ ಹೊಳೇಲಿ ಮೂವತ್ತು ವರ್ಸ ಎತ್ತಿನಗಾಡಿ ಹೊಡ್ದೋನು ನಾನು. ಚಕ್ರ ಅಂದ್ರೆ ಗಟ್ಟಿ ಇರ್ಬೇಕು. ಗಾಳಿ ಇಳಿಸ್ಬುಟ್ಟು ಗಾಡಿ ಹೊಡಿ ಅನ್ನೋಳ್ನ ಇವತ್ತೇ ನೋಡಿದ್ದು!”

“ಗಾಡಿ ಮರಳಲ್ಲಿ ಹೂತ್ಕಂಡ್ರೆ ಏನ್ ಮಾಡ್ತಿದ್ರಿ ಮಾವ?”

“ಹೊಂಗೆ ಸೊಪ್ಪು ಹಾಸ್ತಿದ್ವಿ.”

“ಯಾಕೆ?”

“ಭಾರ ಹರಡ್ಲಿ ಅಂತ. ಅಷ್ಟೂ ಗೊತ್ತಿಲ್ವಾ ನಿಂಗೆ?”

“ಗಾಳಿ ಕಮ್ಮಿ ಮಾಡಿದ್ರೆ ಟೈರ್ ತನ್ ಸೊಪ್ಪು ತಾನೇ ಹಾಸ್ಕಂತದೆ ಮಾವ. ಅಗಲ ಆಯ್ತದೆ. ಭಾರ ಹರಡ್ತದೆ.”

ಓಬಳಯ್ಯ ಎಲೆ ಮಡಚಿ ಬಾಯಿಗಿಟ್ಟುಕೊಂಡ. ಒಪ್ಪಿದ ಎನ್ನುವಂತಿರಲಿಲ್ಲ.

“ಸರಿ, ಈಗ್ಲೇ ಅಳ್ದು ಇಳಿಸ್ಬುಡು,” ಎಂದ ಮುತ್ತುರಾಜು.

“ಈಗ ಬೇಡ. ದಿನವೆಲ್ಲ ಬಿಸ್ಲಿಗೆ ನಿಂತೈತೆ. ಬಿಸಿಗೆ ಒಳಗಿನ ಗಾಳಿ ಉಬ್ಬಿ ಗೇಜಲ್ಲಿ ಜಾಸ್ತಿ ತೋರಿಸ್ತದೆ. ಅದನ್ನ ನಂಬಿ ಗಾಳಿ ಬಿಟ್ರೆ ಬೆಳಗ್ಗೆ ಕಮ್ಮಿ ಆಗಿರ್ತದೆ. ತಣ್ಣಗಿದ್ದಾಗ ಅಳ್ಯೋಣ.”

ಮರುದಿನ ಬೆಳಕು ಹರಿಯುವಾಗ ವರಲಕ್ಷ್ಮಿ ದೇವರಿಗೆ ದೀಪ ಹಚ್ಚುತ್ತಿದ್ದಳು. ತೇಜಸ್ವಿನಿ ಗೇಜು ಇಟ್ಟಳು. ನಲವತ್ತಾರು.

“ಉಳಿದ ನಾಲ್ಕು ಪಾಯಿಂಟ್ ಯಾರ್ ಕದ್ರು?” ಎಂದ ಮುತ್ತುರಾಜು.

“ಓಡಿ ಬಿಸಿಯಾಗಿದ್ದಾಗ ತುಂಬ್ಸಿದ್ಯಲ್ಲ, ಅದು ಲೆಕ್ಕಕ್ಕೇ ಇಲ್ಲ.”

ಅವಳು ಡ್ರೈವರ್ ಬಾಗಿಲು ತೆಗೆದು ಚೌಕಟ್ಟಿನ ಧೂಳು ಒರೆಸಿದಳು. ಅಲ್ಲೊಂದು ಚೀಟಿ ಅಂಟಿತ್ತು. ಗಾಡಿ ಮಾಡಿದವರೇ ಬರೆದದ್ದು: ಜನ, ಸಾಮಾನು ಇದ್ದರೆ ಮುಂದಿನ ಚಕ್ರಕ್ಕೆ ಮೂವತ್ತು, ಹಿಂದಿನದಕ್ಕೆ ಮೂವತ್ನಾಲ್ಕು. ಹೊಸ ಟೈರಿನ ಅಳತೆಯೂ ಹೊರುವ ಭಾರವೂ ಹಳೆಯದರಷ್ಟೇ ಇದ್ದವು. ಹಾಗಾಗಿ ಆ ಚೀಟಿಯ ಲೆಕ್ಕವೇ ಸಾಕು ಎಂದಳು.

ಆಮೇಲೆ ಓಬಳಯ್ಯನ ಸುಣ್ಣದ ಡಬ್ಬಿ ಕೇಳಿದಳು. ಟೈರಿನ ಹಲ್ಲಿನ ಮೇಲೆ ಅಡ್ಡಕ್ಕೆ ಒಂದು ಗೆರೆ ಎಳೆದು, ಗಟ್ಟಿ ನೆಲದಲ್ಲಿ ಜೀಪನ್ನು ಹತ್ತು ಮಾರು ನೆಟ್ಟಗೆ ಓಡಿಸಲು ಹೇಳಿದಳು. ಗೆರೆ ನಡುವೆ ಮಾತ್ರ ಅಳಿಸಿತ್ತು. ಎರಡೂ ಅಂಚಿನಲ್ಲಿ ಸುಣ್ಣ ಹಾಗೇ ಇತ್ತು.

“ನೋಡಿ ಮಾವ. ಗಾಳಿ ಜಾಸ್ತಿಯಾಗಿ ಟೈರ್ ನಡುವಲ್ಲಿ ಮಾತ್ರ ನೆಲ ಮುಟ್ತಾ ಐತೆ. ಅಂಚು ಮಾತ್ರ ಅಳಿಸಿದ್ರೆ ಗಾಳಿ ಕಮ್ಮಿ ಅಂತ.”

ಚೀಟಿಯಲ್ಲಿದ್ದಷ್ಟಕ್ಕೆ ಇಳಿಸಿ ಮತ್ತೆ ಗೆರೆ ಎಳೆದರು. ಈ ಸಲ ಗೆರೆ ಪೂರಾ ಅಳಿಸಿತು. ಓಬಳಯ್ಯ ಬಗ್ಗಿ, ಬೆರಳಿನಿಂದ ಮುಟ್ಟಿ ನೋಡಿದ.

“ಅಂಗಾದ್ರೆ ಇಷ್ಟ್ ದಿನ ತುದಿಗಾಲಲ್ಲಿ ಓಡಾಡ್ತಿತ್ತು ಅನ್ನು.”

ಸಣ್ಣಕ್ಕನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಓಬಳಯ್ಯನನ್ನೂ ಹತ್ತಿಸಿಕೊಂಡು ಹೊರಟರು. ಹೊಳೆಯ ದಡದಲ್ಲಿ ತೇಜಸ್ವಿನಿ ನಾಲ್ಕೂ ಚಕ್ರವನ್ನು ಇಪ್ಪತ್ತಕ್ಕೆ ಇಳಿಸಿದಳು. ಟೈರುಗಳು ಹೊಟ್ಟೆ ಬಿಟ್ಟವು.

“ಪಂಚರ್ ಆದಂಗ್ ಕಾಣ್ತದಲ್ಲೇ!” ಎಂದ ಮುತ್ತುರಾಜು.

“ಆಗಿಲ್ಲ. ನಾಲ್ಕೂ ಚಕ್ರದ ಗೇರ್ ಹಾಕು. ನಿಧಾನ ಹೋಗು. ಸ್ಟೇರಿಂಗ್ ಗಕ್ಕನೆ ತಿರುಗಿಸ್ಬೇಡ, ಟೈರ್ ರಿಮ್ ಬಿಟ್ಟು ಬಂದ್ಬುಡ್ತದೆ.”

ಜೀಪು ಮರಳಿಗಿಳಿಯಿತು. ಹಿಂದಿನ ದಿನ ತೋಡಿದ ಗುಂಡಿಯ ಪಕ್ಕದಲ್ಲೇ ಸಾಗಿ, ಎಲ್ಲಿಯೂ ನಿಲ್ಲದೆ ಆಚೆ ದಡ ಹತ್ತಿತು.

ಟಾರು ರಸ್ತೆ ಸಿಕ್ಕಿದಾಗ ಏಳು ಗಂಟೆ. ಪಾವಗಡಕ್ಕೆ ಇನ್ನೂ ಅರ್ಧ ಗಂಟೆಯ ದಾರಿ. ತೇಜಸ್ವಿನಿ ಪಂಪು ತೆಗೆದಳು. ಮುತ್ತುರಾಜು ಬೇಡವೆಂದ.

“ನಾಲ್ಕು ಚಕ್ರಕ್ಕೆ ಇಪ್ಪತ್ತು ನಿಮಿಷ ಹೋಯ್ತದೆ. ಅವ್ವನ ಮುಖ ನೋಡು. ವಾಪಸ್ ಬರ್ವಾಗ ತುಂಬ್ಸೋಣ.”

“ಮೆತ್ತಗಿನ ಟೈರಲ್ಲಿ ಜೋರಾಗಿ ಹೋದ್ರೆ ಅದ್ರ ಪಕ್ಕದ ಗೋಡೆ ಮಡಚಿ ಮಡಚಿ ಕಾಯ್ತದೆ ಭಾವ. ಸಿಡೀತದೆ. ಅತ್ತೆ ಒಳಗಿದಾರೆ.”

ಮುತ್ತುರಾಜು ಕೀಲಿ ತಿರುಗಿಸಿದ. ಆಗ ಓಬಳಯ್ಯ ಇಳಿದು, ಮುಂದಿನ ಚಕ್ರದ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

“ಅಪ್ಪಾ, ಏಳು ಮ್ಯಾಕೆ!”

“ಏಳಲ್ಲ ಕಣ್ಲಾ. ಮರಳಿಗೆ ಹಾಸಿದ್ ಸೊಪ್ಪನ್ನ ಊರ್ಗಂಟ ಎಳ್ಕಂಡ್ ಹೋದೋರ್ನ ನಾ ನೋಡಿಲ್ಲ. ಗಾಳಿ ತುಂಬ್ಸು.”

ಒಳಗಿನಿಂದ ಸಣ್ಣಕ್ಕ ಮೆಲ್ಲಗೆ ಅಂದಳು: “ಅವ್ರು ಕುಂತ್ರೆ ಏಳಲ್ಲ, ನಲವತ್ತು ವರ್ಸದಿಂದ ನೋಡ್ತಿವ್ನಿ. ತುಂಬ್ಸಪ್ಪ. ನಾ ತಡ್ಕಂತೀನಿ.”

ಬ್ಯಾಟರಿಗೆ ಸಿಕ್ಕಿಸಿದ ಪಂಪು ಗೊರಗೊರ ಎಂದಿತು. ಸಣ್ಣಕ್ಕ ನಾಗಲಮಡಿಕೆಯ ಸುಬ್ರಹ್ಮಣ್ಯನ ಗುಡಿಯ ದಿಕ್ಕಿಗೆ ಕೈಮುಗಿದು ಕಣ್ಣು ಮುಚ್ಚಿದಳು. ಚೀಟಿಯಲ್ಲಿದ್ದಷ್ಟು ಗಾಳಿ ತುಂಬುವ ಹೊತ್ತಿಗೆ ಏಳು ಇಪ್ಪತ್ತೆರಡು. ಎಂಟಕ್ಕೆ ಐದು ನಿಮಿಷವಿರುವಾಗ ನರ್ಸಮ್ಮ ಅವಳ ತೋಳಿಗೆ ಬಿ.ಪಿ. ನೋಡುವ ಪಟ್ಟಿ ಕಟ್ಟುತ್ತಿದ್ದರು.

ಹೊರಗಿನ ಬೆಂಚಿನ ಮೇಲೆ ಮುತ್ತುರಾಜು ಕೇಳಿದ: “ಆ ಪಂಪು, ಗೇಜು ಎಲ್ ಸಿಗ್ತವೆ?”

“ಇವೇ ಇಟ್ಕೋ ಭಾವ. ಶುಕ್ರವಾರ ಮತ್ತೆ ಬರ್ಬೇಕಲ್ಲ.”

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗಾಡಿಯ ಬಾಗಿಲ ಚೌಕಟ್ಟನ್ನು ಇವತ್ತೇ ಒರೆಸಿ ನೋಡಿ. ಅಲ್ಲಿರುವ ಅಂಕಿಯೇ ನಿಮ್ಮ ಲೆಕ್ಕ. ಟೈರಿನ ಅಳತೆ ಬದಲಾಗಿದ್ದರೆ ಅಂಗಡಿಯವರ ಹತ್ತಿರ ಗಾಳಿಯ ಪಟ್ಟಿ ಕೇಳಿ. ಮರಳಿಗೆ ಗಾಳಿ ಇಳಿಸುವುದು ತಪ್ಪಲ್ಲ, ಇಳಿಸಿದ್ದನ್ನು ಟಾರಿನ ಮೇಲೆ ಮರೆಯುವುದು ತಪ್ಪು. ದೇವರು ಕಾಯುತ್ತಾನೆ, ನಿಜ. ಗೇಜು ನೋಡಲು ಕಣ್ಣನ್ನೂ ಅವನೇ ಕೊಟ್ಟಿದ್ದಾನೆ. ಹಿಂದಿನ ಸೀಟಿನಲ್ಲಿ ಕೂತವರು ಗಾಳಿ ಎಷ್ಟಿದೆ ಎಂದು ಕೇಳುವುದಿಲ್ಲ, ನಿಮ್ಮನ್ನು ನಂಬಿ ಕೂತಿರುತ್ತಾರೆ. ನಾಳೆ ಗಾಡಿ ತೆಗೆಯುವ ಮುಂಚೆ, ಚಕ್ರ ತಣ್ಣಗಿರುವಾಗ, ಅವರ ಪರವಾಗಿ ಒಂದು ಸಲ ಅಳೆಯಿರಿ.