ಇಲಿಯ ಔಷಧ, ಅಮರಪ್ಪನ ಕಾಮಾಲೆ

ಮಳೆಗಾಲ ಆಗತಾನೇ ಶುರುವಾಗಿತ್ತು. ಹೆಬ್ಬಗೋಡಿಯ ವಠಾರವೊಂದರಲ್ಲಿ ಅಮರಪ್ಪ ಊಟದ ತಟ್ಟೆಯನ್ನು ಮತ್ತೆ ಪಕ್ಕಕ್ಕೆ ಸರಿಸಿದ. ಕೆಲವು ದಿನಗಳಿಂದ ಊಟ ಕಂಡರೆ ವಾಕರಿಕೆ, ಮೈಯೆಲ್ಲ ಸುಸ್ತು. ಹೆಂಡತಿ ಸಿದ್ದಕ್ಕ ಅವನ ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿ ನೋಡಿದಳು. ಕಣ್ಣು ಹಳದಿಯಾಗಿತ್ತು.

“ಕಾಮಣಿ ಆಗೈತ್ರೀ ನಿಮಗ,” ಎಂದಳು.

ಇಬ್ಬರೂ ಕೊಪ್ಪಳದ ಕಡೆಯವರು. ಅಮರಪ್ಪ ಕಟ್ಟಡಗಳಿಗೆ ಬಣ್ಣ ಬಳಿಯುತ್ತಿದ್ದ. ಸಿದ್ದಕ್ಕನಿಗೆ ಜಿಗಣಿಯ ಔಷಧ ಸಂಶೋಧನಾ ಕಂಪನಿಯೊಂದರಲ್ಲಿ ಕೆಲಸ. ಅಲ್ಲಿ ಸಾಕಿದ ಬಿಳಿ ಇಲಿಗಳ ಪಂಜರ ತೊಳೆದು, ನೀರು ಇಡುವುದು ಅವಳ ಪಾಲಿನದು. ಆ ವರ್ಷ ಅಲ್ಲಿ ಲಿವರಿನ ಪ್ರಯೋಗ ನಡೆದಿತ್ತು. ಮಂಕಾಗಿ ಮೂಲೆ ಹಿಡಿದ ಇಲಿಗಳಿಗೆ ಒಂದು ಗಿಡದ ಸಾರವನ್ನೂ ವಿಟಮಿನ್ನನ್ನೂ ಕೊಟ್ಟಾಗ ಅವು ಮತ್ತೆ ಓಡಾಡಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

“ಆಸ್ಪತ್ರಿ ಯಾಕ್ ಬೇಕ್ರೀ? ನಮ್ಮ ಇಲಿ ಆರಾಮ ಆಗ್ಯಾವು. ನಿಮಗೂ ಅದನ್ನ ಕೊಡತೀನಿ.”

ಸೂಜಿಯೆಂದರೆ ಹೆದರುವ ಅಮರಪ್ಪನಿಗೂ ಅದೇ ಬೇಕಿತ್ತು. “ಕೊಡು. ನಾ ಏನ್ ಇಲಿಗಿಂತ ಕಡಿಮಿ ಅದೀನೇನು?”

ಸಿದ್ದಕ್ಕ ಇದೇ ಆ ಗಿಡವೆಂದುಕೊಂಡು ಖಾಲಿ ಸೈಟಿನಿಂದ ನೆಲನೆಲ್ಲಿ ಕಿತ್ತು ತಂದು ಅರೆದು, ರಸ ಹಿಂಡಿ ಕುಡಿಸಿದಳು. ಮೆಡಿಕಲ್ ಶಾಪಿನಿಂದ ವಿಟಮಿನ್ ಮಾತ್ರೆ ತಂದು ನುಂಗಿಸಿದಳು. ಪಕ್ಕದ ಕೋಣೆಯ ಭಾಗ್ಯಶ್ರೀ ತುಂಬು ಬಸುರಿ. ಹೊಸಿಲಲ್ಲಿ ಕೂತು ನೋಡುತ್ತಿದ್ದವಳು, “ಅಕ್ಕಾ, ಡಾಕ್ಟರಿಗೊಮ್ಮೆ ತೋರಿಸ್ರಲ್ಲಾ,” ಎಂದಳು.

“ದಿನಾ ಇಲಿ ನೋಡಾಕಿ ನಾನು. ನನಗ ಗೊತ್ತಿಲ್ಲೇನು?”

ಆದರೆ ಹಳದಿ ಇಳಿಯಲಿಲ್ಲ. ಕುಡಿದ ನೀರೂ ವಾಂತಿಯಾಗತೊಡಗಿತು. ರಸ ಸಾಲುತ್ತಿಲ್ಲವೇನೋ ಎಂದುಕೊಂಡ ಸಿದ್ದಕ್ಕ, ಕಂಪನಿಯಲ್ಲಿ ಊಟದ ಹೊತ್ತಿಗೆ ರಾಣಿಯನ್ನು ಹುಡುಕಿಕೊಂಡು ಹೋದಳು. ಇಲಿಗಳಿಗೆ ಔಷಧ ಕೊಡುತ್ತಿದ್ದವಳು ರಾಣಿಯೇ.

“ಮೇಡಂ, ಆ ಗಿಡದ ರಸ ಮನಶ್ಯಾರಿಗೆ ಎಷ್ಟ್ ಕೊಡಬೇಕ್ರಿ? ನಮ್ಮನಿಯವರಿಗೆ ಕಾಮಣಿ ಆಗೈತಿ.”

ರಾಣಿ ಕೈಯ ತುತ್ತನ್ನು ಡಬ್ಬಿಗೇ ಹಾಕಿದಳು. “ಏನ್ ಕೊಟ್ಟಿದ್ದೀರಾ ಅವರಿಗೆ?”

ಸಿದ್ದಕ್ಕ ಎಲ್ಲ ಹೇಳಿದಳು. ರಾಣಿ ಬೈಯಲಿಲ್ಲ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದಳು: “ನಾವು ಇಲಿಗೆ ಕೊಡೋ ಗಿಡ ಯಾವ್ದು ಅಂತ ಗೊತ್ತಾ ನಿಮ್ಗೆ?”

“ಹಸರ ಇತ್ರಿ...”

“ಅದು ಬೇರೆ ಗಿಡ ಕಣಕ್ಕ. ಅದೂ ಹೋಗ್ಲಿ. ಕೊನೇ ಸಾಲಿನ ಇಲಿಗಳು ಊಟ ಬಿಟ್ಟು ಸತ್ತೋದ್ವಲ್ಲ, ನೆನಪಿದ್ಯಾ?”

ನೆನಪಿತ್ತು. ಆ ಪಂಜರಗಳನ್ನು ತೊಳೆದವಳು ಸಿದ್ದಕ್ಕನೇ.

“ಅವಕ್ಕೂ ಅದೇ ಸಾರ, ಅದೇ ವಿಟಮಿನ್. ಜಾಸ್ತಿ ಕೊಟ್ಟಿದ್ವಿ, ಅಷ್ಟೆ. ನಾವು ನುಂಗಿದ್ದನ್ನೆಲ್ಲ ಸಂಭಾಳಿಸೋದು ಲಿವರ್ರೇ. ಅದೇ ಸೋತಿರೋವಾಗ, ಗಿಡದ್ದು ಅಂದ ಮಾತ್ರಕ್ಕೆ ಅದಕ್ಕೆ ಹಗುರ ಆಗಲ್ಲ.”

“ಮತ್ತ, ಆರಾಮ ಆದವು ಹೆಂಗ ಆದ್ವು?”

“ಇಲಿಗೆ ಕಾಯಿಲೆ ಬರಿಸಿದ್ದೇ ನಾವು. ಯಾಕೆ ಬಂತು, ಎಷ್ಟು ಬಂತು ಅಂತ ಗೊತ್ತಿರತ್ತೆ. ನಿಮ್ಮ ಯಜಮಾನ್ರಿಗೆ ಯಾಕೆ ಬಂತು?”

“ಅದು ಗೊತ್ತಿಲ್ರೀ,” ಎಂದಳು ಸಿದ್ದಕ್ಕ.

“ಇಲಿಗೆ ಹಿಡಿಸಿದ್ದು ಮನುಷ್ಯಂಗೂ ಹಿಡಿಸತ್ತೆ ಅಂತ ನಮ್ಮ ಸೈಂಟಿಸ್ಟ್‌ಗಳೇ ಇನ್ನೂ ಹೇಳಿಲ್ಲ. ರಜೆಗೆ ಸೂಪರ್‌ವೈಸರ್ ಹತ್ರ ನಾನ್ ಮಾತಾಡ್ತೀನಿ. ನೀವು ಈಗ್ಲೇ ಅವರನ್ನ ಆಸ್ಪತ್ರೆಗೆ ಕರ್ಕೊಂಡೋಗಿ.”

ಮನೆಯಲ್ಲಿ ಅಮರಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದ. “ನಿನ್ನೆ ರಸ ಕುಡೀರಿ ಅಂದಿ, ಇವತ್ತ ಆಸ್ಪತ್ರಿ ಅಂತೀ. ನಾ ಬರಂಗಿಲ್ಲ.”

“ನಿನ್ನೆ ನನಗ ತಿಳೀಲಿಲ್ಲ. ನೀವು ನನಗ ಬೇಕ್ರೀ, ಏಳ್ರಿ,” ಎಂದಳು ಸಿದ್ದಕ್ಕ. ಅವನ ಅಂಗಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಅಮರಪ್ಪ ಎದ್ದು ಅಂಗಿ ತೊಟ್ಟ.

ಸರ್ಕಾರಿ ಆಸ್ಪತ್ರೆಯಲ್ಲಿ ಸಿದ್ದಕ್ಕ ತಾನು ಕೊಟ್ಟದ್ದನ್ನೆಲ್ಲ ಹೇಳಿದಳು. ರಕ್ತ ಪರೀಕ್ಷೆಯಾಯಿತು. ಡ್ರಿಪ್ ಹಾಕಿ ಅವನನ್ನು ಅಲ್ಲೇ ಉಳಿಸಿಕೊಂಡರು. ವರದಿ ನೋಡಿದ ಡಾಕ್ಟರು, “ಕೊಳಕು ನೀರಿಂದ ಬಂದಿರೋ ವೈರಸ್ಸು. ರಸ, ಮಾತ್ರೆ ಎಲ್ಲಾ ನಿಲ್ಸಿ. ಹೆಂಡದ ಹತ್ರ ಹೋಗ್ಬೇಡಿ. ರೆಸ್ಟ್ ತಗೊಂಡು ಹೊಟ್ಟೆಗೆ ತಿನ್ನಿ, ನಿಧಾನಕ್ಕೆ ಲಿವರ್ ಸುಧಾರಿಸ್ಕೊಳತ್ತೆ,” ಎಂದರು. ಆಮೇಲೆ ಸಿದ್ದಕ್ಕನ ಕಡೆ ತಿರುಗಿದರು. “ನಿಮ್ಮ ವಠಾರದಲ್ಲಿ ಬಸುರೀರು ಇದಾರಾ? ಈ ಸೋಂಕು ಅವರ ಪ್ರಾಣಕ್ಕೇ ಕುತ್ತಾಗಬಹುದು.”

ಸಿದ್ದಕ್ಕನಿಗೆ ತಕ್ಷಣ ಭಾಗ್ಯಶ್ರೀ ನೆನಪಾದಳು. ವಠಾರಕ್ಕೆ ಬಂದವಳು ತನ್ನ ಕೋಣೆಗೂ ಹೋಗದೆ ಅವಳ ಬಾಗಿಲು ತಟ್ಟಿದಳು.

“ತಂಗೀ, ಈ ನೀರ ಹಂಗ ಕುಡೀಬ್ಯಾಡ. ಕುದಿಸಿ ಆರಿಸಿ ಕುಡಿ. ನಾಳೆ ನನ್ನ ಜೋಡಿ ಆಸ್ಪತ್ರಿಗೆ ಬಾ.”

ವಿಷಯ ತಿಳಿದ ಮನೆ ಮಾಲಕಿ ರಾಮಕ್ಕ, ವಠಾರಕ್ಕೆಲ್ಲ ನೀರು ತುಂಬಿಡುವ ನೆಲದಡಿಯ ಸಂಪಿನ ಮುಚ್ಚಳ ತೆಗೆಸಿದರು. ಮಳೆಗೆ ಚರಂಡಿ ನೀರು ಒಳಗೆ ಜಿನುಗುತ್ತಿತ್ತು. “ಅಯ್ಯೋ, ಇಂಗಾಗೈತೆ ಅಂತ ನಂಗೆ ಗೊತ್ತೇ ಆಗ್ಲಿಲ್ವಲ್ಲ!” ಎಂದು ಹಣೆ ಚಚ್ಚಿಕೊಂಡ ಅವರು, ಮರುದಿನವೇ ಸಂಪು ತೊಳೆಸಿ ಬಿರುಕು ಮುಚ್ಚಿಸಿದರು.

ಭಾಗ್ಯಶ್ರೀಗೆ ಸೋಂಕು ತಗುಲಿರಲಿಲ್ಲ. ಅವಳು ಹೆಣ್ಣು ಮಗು ಹೆತ್ತಳು; ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಅಮರಪ್ಪನ ಕಣ್ಣು ತಿಳಿಯಾಗಲು ವಾರಗಳೇ ಹಿಡಿದವು. ಕೊನೆಗೊಂದು ದಿನ ಅವನು ತಾನಾಗಿಯೇ ಇನ್ನೊಂದು ರೊಟ್ಟಿ ಕೇಳಿದ. ಸಿದ್ದಕ್ಕ ನಗುತ್ತಾ ಎರಡು ಹಾಕಿದಳು. ಈಗ ವಠಾರದಲ್ಲಿ ಯಾರಾದರೂ ಸುಸ್ತು ಎಂದರೆ, ಮೊದಲು ಕಣ್ಣು ತೋರಿಸು ಎನ್ನುವವನು ಅಮರಪ್ಪನೇ.

ಈ ಕಥೆ ಕೇಳಿದ ನೀವೂ ಒಂದು ಕ್ಷಣ ಯೋಚಿಸಿ. ಕಾಮಾಲೆಗೆ ಕಾರಣ ಒಂದೇ ಇರುವುದಿಲ್ಲ; ಅದನ್ನು ತಿಳಿಸುವುದು ಪರೀಕ್ಷೆ. ಇಲಿಗೆ ವಾಸಿಯಾಯಿತೆಂದೋ, ನೆರೆಯವರಿಗೆ ಹಿಡಿಸಿತೆಂದೋ ಡಾಕ್ಟರನ್ನು ಕೇಳದೆ ರಸ, ಪುಡಿ, ವಿಟಮಿನ್ ನುಂಗಬೇಡಿ. ಈಗಾಗಲೇ ನುಂಗಿದ್ದರೆ ಮುಚ್ಚಿಡದೆ ಅವರಿಗೆ ಹೇಳಿ. ಕುಡಿಯುವ ನೀರು ಕುದಿಸಿ, ಬಸುರಿಯರಿದ್ದರೆ ಅವರಿಗೆ ಎಚ್ಚರ ಹೇಳಿ. ಮನೆಯಲ್ಲಿ ಯಾರ ಕಣ್ಣಾದರೂ ಹಳದಿಯಾಗಿ ಕಂಡರೆ, ನಾಳೆ ನೋಡೋಣ ಎನ್ನಬೇಡಿ. ಅಂದೇ ಆಸ್ಪತ್ರೆಗೆ ಹೊರಡಿ.