ಪಾಂಡಣ್ಣನಿಗೆ ಎಂತ ಕಾಯಿಲೆ?

ಕೋಡಿಯ ಪಾಂಡು ಆ ಮಾತನ್ನು ಮೈಕಿನ ಮುಂದೆ ಆಡಿಬಿಟ್ಟಿದ್ದ. ಮೈಕ್ ಇಲ್ಲದೆ ಆಡಿದ್ದರೆ ತಪ್ಪಿಸಿಕೊಳ್ಳಲು ಏನಾದರೂ ದಾರಿ ಇರುತ್ತಿತ್ತು.

ಅದು 2015ರ ಜನವರಿ. ಊರಿನ ಕ್ರೀಡಾ ಬಳಗದ ವಾರ್ಷಿಕೋತ್ಸವ. ಬಳಗಕ್ಕೆ ಅಧ್ಯಕ್ಷರು, ಗೌರವಾಧ್ಯಕ್ಷರು, ಉಪಾಧ್ಯಕ್ಷರು, ಸಂಚಾಲಕರು, ಅವರಿಗೊಬ್ಬ ಸಹ ಸಂಚಾಲಕ ಎಲ್ಲರೂ ಇದ್ದರು. ಕ್ರೀಡಾಪಟು ಮಾತ್ರ ಒಬ್ಬನೂ ಇರಲಿಲ್ಲ. ಪಾಂಡು ಗೌರವಾಧ್ಯಕ್ಷ. ಐಸ್ ಪ್ಲಾಂಟಿನ ಯಜಮಾನ, ನಲವತ್ತಾರರ ಪ್ರಾಯ, ತೂಕ ನೂರಕ್ಕೆ ಹತ್ತಿರ. ಆ ಹೊಟ್ಟೆಗೆ ಬಂದರಿನಲ್ಲಿ ಒಂದು ಗೌರವವಿತ್ತು. ಪಾಂಡು ಬರುವ ಮೊದಲು ಹೊಟ್ಟೆ ಬರುತ್ತಿತ್ತು. ಅದನ್ನು ಕಂಡವರು ಬೀಡಿ ಆರಿಸಿ ಎದ್ದು ನಿಲ್ಲುತ್ತಿದ್ದರು.

ಡಿಸೆಂಬರಿನಲ್ಲಿ ಒಂದು ಅಲ್ಟ್ರಾ ಮ್ಯಾರಥಾನ್ ನಡೆಯಲಿದೆ, ನಮ್ಮ ಬಳಗದಿಂದ ಒಬ್ಬರಾದರೂ ಭಾಗವಹಿಸಬೇಕು ಎಂದು ಕಾರ್ಯದರ್ಶಿ ಅಣ್ಣಯ್ಯ ವೇದಿಕೆಯಲ್ಲಿ ಕೇಳಿಕೊಂಡ. ಸಭೆ ಚಪ್ಪಾಳೆ ತಟ್ಟಿ ಸುಮ್ಮನಾಯಿತು. ಆ ಮೌನ ಪಾಂಡುವಿಗೆ ಸಹಿಸಲಾಗಲಿಲ್ಲ. ಮೈಕ್ ಎಳೆದುಕೊಂಡು, "ಯಾರೂ ಇಲ್ದಿದ್ರೆ ನಾನೇ ಓಡ್ತೆ" ಎಂದುಬಿಟ್ಟ.

ಅವನು ಕಂಡ ಮ್ಯಾರಥಾನ್‌ಗಳೆಲ್ಲ ಕುಂದಾಪುರದ ಶಾಸ್ತ್ರಿ ವೃತ್ತದಲ್ಲಿ ಹಸಿರು ಬಾವುಟ ತೋರಿಸಿದರೆ ಕೋಟೇಶ್ವರ ತಲುಪುವಷ್ಟರಲ್ಲಿ ಮುಗಿದು, ಉಪ್ಪಿಟ್ಟು ಹಂಚುವಂಥವು. ಅಲ್ಟ್ರಾ ಎಂದರೆ ಬಟ್ಟೆ ತೊಳೆಯುವ ಪುಡಿಯ ಪೊಟ್ಟಣದ ಮೇಲೆ ಬರೆದಿರುತ್ತದಲ್ಲ, ಹಾಗೆ ಸುಮ್ಮನೆ ಒಂದು ಚಂದಕ್ಕೆ ಹಾಕಿದ ಮಾತು ಎಂದುಕೊಂಡಿದ್ದ.

ಮಾರನೆಯ ದಿನ ಅಣ್ಣಯ್ಯ ಬಿಡಿಸಿ ಹೇಳಿದ. "ಬೈಂದೂರಗೆ ಶುರು, ಬ್ರಹ್ಮಾವರ್ದಗೆ ಮುಗೀತ್ ಮಾರಾಯ್ರೆ."

"ಬಸ್ಸಗಾ?"

"ಓಡ್ಕಂಡ್."

ಬೈಂದೂರಿನಿಂದ ಬ್ರಹ್ಮಾವರಕ್ಕೆ ಅರವತ್ತು ಕಿಲೋಮೀಟರಿಗೆ ಏನೋ ಸ್ವಲ್ಪ ಕಡಿಮೆ. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋದರೂ ಪಾಂಡು ನಡುವೆ ಒಂದು ನಿದ್ದೆ ಮುಗಿಸುತ್ತಿದ್ದ. ಬೆನ್ನು ನೋವು ಎಂದು ಹೇಳಿ ಜಾರಿಕೊಳ್ಳೋಣವೆಂದು ಯೋಚಿಸುತ್ತ ಬಂದರಿನ ರಸ್ತೆಗೆ ಬಂದರೆ ಅಲ್ಲಿ ಫ್ಲೆಕ್ಸ್ ಕಟ್ಟಿ ಆಗಿತ್ತು. ತಂಪು ಕನ್ನಡಕ ಹಾಕಿದ ಪಾಂಡುವಿನ ಆಳೆತ್ತರದ ಮುಖ, ಹಿಂದೆ ಜಿಗಿಯುತ್ತಿರುವ ಚಿರತೆ, ಕೆಳಗೆ ಶುಭ ಕೋರುವವರ ಸಾಲು ಸಾಲು ಮುಖಗಳು. "ಕಡಲತಡಿಯ ಓಟಗಾರ" ಎಂದು ಬರೆದಿತ್ತು. ಕಡಲತಡಿಯ ಓಟಗಾರ ಅಲ್ಲಿಯವರೆಗೆ ಓಡಿದ್ದು ಒಮ್ಮೆ ಮಾತ್ರ. ಅದೂ ಹೋರಿ ಅಟ್ಟಿಸಿಕೊಂಡು ಬಂದಾಗ.

ತರಬೇತಿಯ ಹೊಣೆಯನ್ನು ಅಣ್ಣಯ್ಯನೇ ಹೊತ್ತುಕೊಂಡ. ಅವನು ವಿಮಾ ಏಜೆಂಟ್. ಮೊಬೈಲಿನಲ್ಲಿ ಓದಿ ಎಲ್ಲ ತಿಳಿದುಕೊಂಡಿದ್ದ: ವಾರಕ್ಕೆ ಹತ್ತು ಪರ್ಸೆಂಟ್ ಮಾತ್ರ ಜಾಸ್ತಿ ಮಾಡಬೇಕು, ಮೂರು ವಾರ ಏರಿಸಿ ಒಂದು ವಾರ ಇಳಿಸಬೇಕು, ಭಾನುವಾರ ಉದ್ದದ ಓಟ. ಪಾಂಡು ಬೆಳಿಗ್ಗೆ ಮುಂದೆ ಓಡಿದರೆ ಅವನು ಸ್ಕೂಟರಿನಲ್ಲಿ ಹಿಂದೆ ಬರುತ್ತ, ಒಂದು ಕೈಯಲ್ಲಿ ಗೋಳಿಬಜೆ ಹಿಡಿದು, "ಉಸ್ರ್ ಮೂಗಗೆ ಬಿಡಿ! ಮೂಗಗೆ!" ಎಂದು ಕೂಗುತ್ತಿದ್ದ. ಮೊದಲ ದಿನ ಪಾಂಡು ಲೈಟ್‌ಹೌಸ್ ದಾಟುವ ಮೊದಲೇ ಒಂದು ದೋಣಿಗೆ ಒರಗಿ ಕುಳಿತು ಏದುಸಿರು ಬಿಟ್ಟ. ಅಣ್ಣಯ್ಯ ಸ್ಕೂಟರಿನ ಡಿಕ್ಕಿಯಿಂದ ನೀರು ತೆಗೆದುಕೊಟ್ಟ. ಆಮೇಲೆ ಅದೇ ಡಿಕ್ಕಿಯಿಂದ ಹೊಸ ಪಾಲಿಸಿಯೊಂದರ ಕಾಗದ ತೆಗೆದ.

ಮನೆಯಲ್ಲಿ ಹೆಂಡತಿ ರತ್ನ ಯುದ್ಧ ಸಾರಿದ್ದಳು. ಕುಚ್ಚಲಕ್ಕಿ ಅನ್ನ ಕಡಿಮೆ, ಕಾಯಿ ಅರೆದ ಮೀನು ಸಾರು ವಾರಕ್ಕೊಮ್ಮೆ, ರಾತ್ರಿಗೆ ಓಟ್ಸ್ ಎಂದಾಗ ಅವಳು ಓಟ್ಸ್ ಪೊಟ್ಟಣವನ್ನು ಬಿಚ್ಚಿ ಮೂಸಿದಳು. "ಇದ್ ಗಂಟಿಗ್ ಹಾಕುದಲ್ದಾ? ತಲಿ ಸಮ ಇದ್ದವ್ರ್ ಯಾರಾದ್ರೂ ತಿಂತ್ರಾ?" ಎಂದು ದನದ ಕೊಟ್ಟಿಗೆಯ ಕಡೆ ಕೈ ತೋರಿಸಿದಳು.

ರಸ್ತೆಯಲ್ಲಿ ಅದಕ್ಕಿಂತ ದೊಡ್ಡ ತೊಂದರೆ. ನಮ್ಮ ಕಡೆ ಮನುಷ್ಯ ಓಡುತ್ತಿದ್ದಾನೆಂದರೆ ಒಂದೋ ಬಸ್ಸು ಹೊರಟಿರಬೇಕು, ಇಲ್ಲವೇ ನಾಯಿ ಬೆನ್ನು ಹತ್ತಿರಬೇಕು. ಬೈಕಿನವರೆಲ್ಲ ನಿಲ್ಲಿಸುತ್ತಿದ್ದರು.

"ಹ್ವಾಯ್ ಪಾಂಡಣ್ಣ, ಎಂತ ಬಸ್ ತಪ್ತಾ? ಬನಿ, ಹಿಂದ್ ಕೂಕಣಿ."

"ಇಲ್ಲ ಮಾರಾಯಾ, ಬಸ್ರೂರಿಗ್ ಓಡ್ತಾ ಇದ್ದೆ."

"ಬಸ್ರೂರಗೆ ಎಂತ ಕೆಲ್ಸ?"

"ಎಂತ ಇಲ್ಲ. ಹೋಯಿ ತಿರ್ಗಿ ಬಪ್ಪುದ್."

ಕೇಳಿದವರು ಅವನ ಮುಖವನ್ನೊಮ್ಮೆ ನೋಡಿ, ಮಾತು ಬೆಳೆಸದೆ ಗೇರ್ ಹಾಕುತ್ತಿದ್ದರು.

ಆದರೆ ಕಾಲು ಒಂದು ವಿಚಿತ್ರ ವಸ್ತು. ಎಷ್ಟು ಬೈದರೂ ಮಾರನೆಯ ದಿನ ಮತ್ತೆ ಹೇಳಿದಂತೆ ಕೇಳುತ್ತದೆ. ಬೇಸಗೆ ಮುಗಿಯುವಷ್ಟರಲ್ಲಿ ಬಸ್ರೂರಿಗೆ ಹೋಗಿ ಬರುವುದು ಪಾಂಡುವಿಗೆ ಕಷ್ಟವಾಗುತ್ತಿರಲಿಲ್ಲ. ಮಳೆಗಾಲ ಬಂತು. ದೋಣಿಗಳನ್ನು ದಡಕ್ಕೆಳೆದು ಕಟ್ಟಿದರು, ಐಸ್ ಪ್ಲಾಂಟ್ ನಿಂತಿತು. ಪಾಂಡು ತಲೆಗೊಂದು ಪ್ಲಾಸ್ಟಿಕ್ ಸುತ್ತಿಕೊಂಡು ವಂಡ್ಸೆಯವರೆಗೆ ಓಡಿದ. ಆಮೇಲೊಂದು ಭಾನುವಾರ ಸಿದ್ದಾಪುರಕ್ಕೇ ಹೋಗಿಬಿಟ್ಟ. ಹಿಂತಿರುಗಲು ಬೆವರಿನಲ್ಲಿ ತೊಯ್ದು ಬಸ್ಸು ಹತ್ತಿದಾಗ ಪಕ್ಕದ ಸೀಟಿನವರು ಎದ್ದು ಹೋದರು. ಕಂಡಕ್ಟರ್ ಹೊರಗೆ ಬಾನನ್ನು ನೋಡಿ, "ಇವತ್ ಮಳಿಯೇ ಬರ್ಲಿಲ್ಲೆ. ನೀವ್ ಹ್ಯಾಂಗೆ ಚಂಡಿ ಆದದ್?" ಎಂದು ಕೇಳಿದ. ಪಾಂಡು ಕಿಟಕಿಗೆ ತಲೆ ಕೊಟ್ಟು ನಕ್ಕ. ತಾನು ಓಡಿ ಬಂದ ದಾರಿ ಬಸ್ಸಿಗೂ ಮುಗಿಯುತ್ತಿರಲಿಲ್ಲ.

ಹೊಟ್ಟೆ ಹೋಯಿತು. ಕೆನ್ನೆಯೂ ಹೋಯಿತು. ಅಂಗಿಗಳು ಗೂಟಕ್ಕೆ ನೇತು ಹಾಕಿದ ಹಾಗೆ ತೂಗತೊಡಗಿದವು. ಊರಿಗೆ ಅಷ್ಟು ಸಾಕಾಯಿತು.

ಮೊದಲು ಬಂದವಳು ಮೀನು ಮಾರುವ ಸೀತಕ್ಕ. ಬುಟ್ಟಿ ಇಳಿಸಿ, ಪಾಂಡುವನ್ನು ಕಂಡು, ಸೆರಗು ಬಾಯಿಗೆ ಒತ್ತಿಕೊಂಡಳು. "ಅಯ್ಯೋ ದೇವ್ರೇ! ಎಷ್ಟ್ ಚಂದ ಇದ್ದ ಮನ್ಷ! ಆ ಹೊಟ್ಟಿ ಎಲ್ಲಿಗ್ ಹೋಯ್ತೋ!" ಎಂದು, ತೀರಿಹೋದವರನ್ನು ನೆನೆದು ಅಳುವ ಹಾಗೆ ಹೊಟ್ಟೆಗಾಗಿ ಅತ್ತಳು. ಅವಳ ಹಿಂದೆ ಬಸಳೆ ಬಳ್ಳಿ, ಬಾಳೆಹಣ್ಣು, ಹಾರ್ಲಿಕ್ಸ್ ಹಿಡಿದುಕೊಂಡು ನೆಂಟರು ಬಂದರು. ರತ್ನಳನ್ನು ಅಡುಗೆಮನೆಗೆ ಕರೆದು ಪಿಸುದನಿಯಲ್ಲಿ ಕೇಳಿದರು. ಮಣಿಪಾಲದಲ್ಲಿ ತೋರಿಸಿದಿರಾ? ಎಷ್ಟನೆಯ ಸ್ಟೇಜು? ಓಡುವುದಕ್ಕೆಂದೇ ತೂಕ ಇಳಿಸಿದ್ದು ಎಂದು ಅವಳು ಹೇಳಿದರೆ, "ಪಾಪ, ಹೆಂಡ್ತಿಗೂ ಹೇಳಲಿಲ್ಲೆ ಕಾಣತ್" ಎಂದು ಮರುಗುತ್ತ ಹೋದರು. ಕೊನೆಗೆ ಫ್ಲೆಕ್ಸ್ ಕಟ್ಟಿದವರೇ ಬಂದು ಹಾರ್ಲಿಕ್ಸ್ ಕೊಟ್ಟು ಹೋದರು.

ಇಲ್ಲಿಯವರೆಗೆ ತಮಾಷೆಯಾಗಿತ್ತು. ನವೆಂಬರಿನಲ್ಲಿ ತಮಾಷೆ ಮುಗಿಯಿತು.

ಮಗಳು ಸೌಜನ್ಯ ಕುಂದಾಪುರದ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದಳು. ಅವಳಿಗೆ ಬೈಂದೂರಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಪ್ರವೀಣ್; ಅವನ ತಂದೆ ಚೆನ್ನಯ್ಯ ಮೀನಿನ ಲಾರಿ ಇಟ್ಟುಕೊಂಡವರು. ಹೆಣ್ಣು ನೋಡಿ ಹೋಗಿದ್ದರು, ಒಪ್ಪಿಗೆಯಾದ ಹಾಗೇ ಇತ್ತು. ಈಗ ದಲ್ಲಾಳಿಯ ಕೈಯಲ್ಲಿ ಮಾತು ಬಂತು: ಸ್ವಲ್ಪ ದಿನ ಹೋಗಲಿ, ಹುಡುಗಿಯ ತಂದೆಗೆ ಹುಷಾರಿಲ್ಲವಂತೆ, ವಂಶದಲ್ಲಿ ಬರುವಂಥದ್ದಾದರೆ ಕಷ್ಟ.

ರತ್ನ ಓಟ್ಸ್ ಪೊಟ್ಟಣವನ್ನು ಅಂಗಳಕ್ಕೆಸೆದಳು. "ಒಂದ್ ಹೆಣ್ಣಿನ ಬದ್ಕ್ ಹಾಳ್ ಮಾಡಿ ನೀವ್ ಎಲ್ಲಿಗ್ ಓಡುದ್? ಎರಡ್ ತಿಂಗ್ಳ್ ಸಮಾ ಉಂಡ್, ಹೊಟ್ಟಿ ತರ್ಸಿ. ಮದಿ ಮುಗೀಲಿ. ಕಡಿಗ್ ಕಾಶಿಗಾದ್ರೂ ಓಡಿ."

ಪಾಂಡು ಎರಡು ದಿನ ಓಡಲಿಲ್ಲ. ಬೆಳಿಗ್ಗೆ ಎಚ್ಚರವಾದರೆ ಕಾಲು ಚಾಪೆಯ ಮೇಲೆ ತಾನೇ ಆಡುತ್ತಿತ್ತು. ಮೂರನೆಯ ದಿನ ಮಗಳನ್ನು ಕರೆದು, ತನ್ನ ರಕ್ತ ಪರೀಕ್ಷೆ ಮಾಡಿಸಿ ಅದನ್ನು ಬೈಂದೂರಿಗೆ ಕಳುಹಿಸಿದರೆ ಹೇಗೆ ಎಂದು ಕೇಳಿದ.

"ನಂಗ್ ಮದಿ ಆಪ್ಕೆ ನಿಮ್ ರಕ್ತ ಎಂತಕ್ಕೆ ಅಪ್ಪಯ್ಯ?" ಎಂದಳು ಸೌಜನ್ಯ. "ನೀವ್ ಓಡಿ. ಶೂ ಹಾಕಣಿ."

ಡಿಸೆಂಬರಿನ ಆ ಭಾನುವಾರ ನಸುಕಿನಲ್ಲೇ ಪಾಂಡು ಬೈಂದೂರಿನಲ್ಲಿದ್ದ. ಓಡುವವರು ಇಪ್ಪತ್ತು ಮಂದಿ ಇದ್ದಿರಬಹುದು; ಹೆಚ್ಚಿನವರು ಹೊರ ಊರಿನ ತೆಳ್ಳಗಿನ ಜೀವಗಳು. ವೇದಿಕೆಯ ಮೇಲೆ ಅದಕ್ಕಿಂತ ಜಾಸ್ತಿ ಜನ ಇದ್ದರು. ಉದ್ಘಾಟಕರು ಬರುವುದು ತಡವಾಯಿತು. ಬಂದ ಮೇಲೆ ಗಾಳಿಗೆ ದೀಪ ಹತ್ತಲಿಲ್ಲ. ದೀಪ ಹತ್ತಿದ ಮೇಲೆ, ಆರೋಗ್ಯವೇ ಭಾಗ್ಯವೆಂಬ ವಿಷಯದ ಮೇಲೆ ಅವರು ಏದುಸಿರು ಬಿಡುತ್ತ ಬಹಳ ಹೊತ್ತು ಮಾತನಾಡಿದರು. ಬಾವುಟ ಬೀಸುವಾಗ ಬಿಸಿಲು ನೆತ್ತಿಗೆ ತಾಗುತ್ತಿತ್ತು.

ತೆಳ್ಳಗಿನವರು ಮುಂದೆ ಹೋದರು. ಪಾಂಡು ತನ್ನ ಪಾಡಿಗೆ ಓಡಿದ. ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿತ್ತು. ಒಂದು ಕಡೆ ಕೆಂಪು ದೂಳು, ಇನ್ನೊಂದು ಕಡೆ ಜಲ್ಲಿ. ನಾವುಂದದ ನೀರಿನ ಮೇಜಿನಲ್ಲಿ ನೀರಿರಲಿಲ್ಲ. ಸ್ವಯಂಸೇವಕರು ಬಾಳೆಹಣ್ಣಿನ ಸಿಪ್ಪೆಯ ನಡುವೆ ಕುಳಿತು ಅವನಿಗೆ ಚಪ್ಪಾಳೆ ತಟ್ಟಿದರು.

ಮರವಂತೆಯಲ್ಲಿ ಹಿಂದಿನಿಂದ ಒಂದು ಬೈಕ್ ಬಂದು ಅವನ ಪಕ್ಕಕ್ಕೆ ಸೇರಿತು. ಮೇಲೆ ಚೆನ್ನಯ್ಯ, ಬಿಳಿ ಅಂಗಿ, ಪಾಂಡು ಕಳೆದುಕೊಂಡಂಥದ್ದೇ ಒಂದು ಹೊಟ್ಟೆ. ಕಣ್ಣಾರೆ ನೋಡಿಯೇ ತೀರ್ಮಾನ ಮಾಡೋಣವೆಂದು ಬಂದಿದ್ದರು. ಬೈಕನ್ನು ನಡಿಗೆಯ ವೇಗಕ್ಕಿಳಿಸಿ ವಿಚಾರಣೆ ಶುರು ಮಾಡಿದರು.

"ಪಾಂಡಣ್ಣ, ಶುಗರ್ ಇತ್ತಾ?"

"ಇಲ್ಲ."

"ಬಿ.ಪಿ.?"

"ಇಲ್ಲ."

"ಹಾರ್ಟ್?"

"ಇತ್. ಅದೂ ಓಡ್ತಾ ಇತ್."

ಚೆನ್ನಯ್ಯ ನಗಲಿಲ್ಲ. ತ್ರಾಸಿಯವರೆಗೂ ಪಕ್ಕದಲ್ಲೇ ಬಂದರು. ಎರಡು ಸಲ ಬೈಕ್ ಆಫ್ ಆಯಿತು. ಅವರು ಕಿಕ್ ಹೊಡೆದು ಬರುವಷ್ಟರಲ್ಲಿ ಪಾಂಡು ಮುಂದೆ ಹೋಗಿರುತ್ತಿದ್ದ. ಕೊನೆಗೆ ಅವರಿಗೇ ಬೆವರು ಕಿತ್ತು ಬಂತು.

"ದೇಹ ಗಟ್ಟಿ ಇತ್, ಒಪ್ದೆ. ಡಾಕ್ಟ್ರ್ ಹೇಳಲಿಲ್ಲೆ ಅಂದ್ರೆ, ಹರಕಿಯಾ?"

"ಹರಕಿಯೂ ಅಲ್ಲ."

"ಗೆದ್ರೆ ಎಂತ ಕೊಡ್ತ್ರ್?"

"ಗೆದ್ದವ್ರಿಗ್ ಕೊಡ್ತ್ರೇನೋ. ನಾ ಗೆಲ್ಲುದಿಲ್ಲ."

"ಮತ್ ಎಂತಕ್ಕೆ ಓಡುದ್ ಮಾರಾಯ್ರೆ?"

ಪಾಂಡು ಒಂದಷ್ಟು ದೂರ ಯೋಚಿಸುತ್ತ ಓಡಿದ. ಜನವರಿಯಲ್ಲಿ ಕೇಳಿದ್ದರೆ ಮೈಕಿನ ಕಥೆ ಹೇಳಬಹುದಿತ್ತು, ಫ್ಲೆಕ್ಸಿನ ಹೆದರಿಕೆ ಹೇಳಬಹುದಿತ್ತು. ಈಗ ಅವು ಯಾವುವೂ ನಿಜವಾಗಿರಲಿಲ್ಲ. ಬೀಗರಾಗುವವರಿಗೆ ಸುಳ್ಳು ಹೇಳಬಾರದೆಂದುಕೊಂಡು ಹೇಳಿದ.

"ಸುಮ್ನೆ. ಓಡ್ರೆ ಲಾಯ್ಕ್ ಆತ್."

ಚೆನ್ನಯ್ಯ ಬೈಕ್ ನಿಲ್ಲಿಸಿದರು. ಪಾಂಡು ತಿರುಗಿ ನೋಡಿದಾಗ ಅವರು ರಸ್ತೆಯ ಬದಿಯಲ್ಲಿ ನಿಂತು ಫೋನ್ ಮಾಡುತ್ತಿದ್ದರು.

ಕುಂದಾಪುರ ಮುಟ್ಟಿದಾಗ ವಾದ್ಯದವರು ಕಾದಿದ್ದರು. ಬಳಗದವರೆಲ್ಲ ಅಡ್ಡ ನಿಂತು ಅವನನ್ನು ಕುರ್ಚಿಯಲ್ಲಿ ಕೂರಿಸಿ ಹಾರ ಹಾಕಿ ಶಾಲು ಹೊದಿಸಿದರು, ಮೈಸೂರು ಪೇಟ ಇಟ್ಟರು, ಹಣ್ಣಿನ ಬುಟ್ಟಿ ಕೊಟ್ಟರು. ಅಣ್ಣಯ್ಯ ಮಾನಪತ್ರ ಓದಿದ. ಓಟ ಇನ್ನೂ ಬ್ರಹ್ಮಾವರದವರೆಗೆ ಇದೆ ಎಂದು ಪಾಂಡು ಹೇಳಿದರೆ, ನಮ್ಮ ಊರೇ ಬಂದ ಮೇಲೆ ಮುಂದೆ ಯಾಕೆ ಎಂದು ಅವರಿಗೆ ಅರ್ಥವಾಗಲಿಲ್ಲ. ಮುಂದಿನ ಭಾಷಣಕ್ಕೆ ಎದ್ದು ನಿಂತಿದ್ದವನಂತೂ ಬೇಸರ ಮಾಡಿಕೊಂಡ.

ಹಾರ ಬಿಚ್ಚಿ ಅವನನ್ನು ಎಬ್ಬಿಸಿದ್ದು ಸೌಜನ್ಯ. ಸ್ಕೂಟಿಯಲ್ಲಿ ನೀರು, ಬೆಲ್ಲ ತಂದಿದ್ದಳು. ಕೋಟೇಶ್ವರ ದಾಟಿದ ಮೇಲೆ ಹೇಳಿದಳು.

"ಅಪ್ಪಯ್ಯ, ಬೈಂದೂರಿಂದ ಫೋನ್ ಬಂದಿತ್. ದೇಹಕ್ಕೆ ಎಂತ ಇಲ್ಲ ಅಂಬ್ರ್. ತಲಿಗ್ ಇತ್ ಅಂಬ್ರ್. ಸಂಬಂಧ ಬೇಡ ಅಂದ್ರ್."

ಪಾಂಡುವಿನ ಕಾಲು ನಿಂತುಹೋಯಿತು. ಅಂದು ಬೆಳಗಿನಿಂದ ಅದೇ ಮೊದಲ ಸಲ ಅವನು ತಾನಾಗಿ ನಿಂತದ್ದು. "ಅಮ್ಮ?" ಎಂದ.

"ಕೇಳಿ, ಫೋನ್ ಇಟ್ಟ್, ಸೀರಿ ಬದ್ಲ್ ಮಾಡಿ ಹೊರ್ಗ್ ಹೋಯ್ರ್. ಎಲ್ಲಿಗಂದ್ ಹೇಳಲಿಲ್ಲೆ."

"ನಿಂಗ್ ಬೇಜಾರ್ ಇಲ್ಯಾ ಮಗಾ?"

"ಸ್ವಲ್ಪ ಇತ್. ಹುಡ್ಗ ಕಾಂಬುಕೆ ಅಡ್ಡಿ ಇರಲಿಲ್ಲೆ" ಎಂದು ನಕ್ಕಳು. ಆಮೇಲೆ, "ನೀರ್ ಕುಡೀನಿ. ನಿಂತ್ರೆ ಕಾಲ್ ಹಿಡ್ಕಂತ್" ಎಂದಳು.

ತೆಕ್ಕಟ್ಟೆ, ಕೋಟ. ಸಾಲಿಗ್ರಾಮ ಬರುವಷ್ಟರಲ್ಲಿ ಹೆಬ್ಬೆರಳಿನ ಉಗುರು ಕಪ್ಪಾಗಿ ಶೂ ಒಳಗೆ ಕುದಿಯುತ್ತಿತ್ತು. ಓಟ ಹೋಗಿ ನಡಿಗೆಯಾಯಿತು, ನಡಿಗೆ ಹೋಗಿ ಎಳೆದಾಟವಾಯಿತು. ಹೊತ್ತು ಕಂತುವ ಸಮಯದಲ್ಲಿ ಎದುರಿನಿಂದ ಆಯೋಜಕರ ಜೀಪು ಬಂತು. ಓಟದ ಅವಧಿ ಮುಗಿದು ತುಂಬ ಹೊತ್ತಾಯಿತು, ಪದಕಗಳೂ ಮುಗಿದವು, ವೇದಿಕೆಯ ಗಣ್ಯರಿಗೆ ಒಂದೊಂದು ಕೊಡಬೇಕಾಯಿತು, ಬೇಸರ ಬೇಡ ಎಂದು ಹೇಳಿ ಜೀಪು ಹೋಯಿತು. ಅವಧಿಯನ್ನು ಮಾತ್ರ ಅವರು ಭಾಷಣಕ್ಕೂ ಮೊದಲಿನಿಂದ ಲೆಕ್ಕ ಹಾಕಿದ್ದರು.

ಬ್ರಹ್ಮಾವರದಲ್ಲಿ ಕುರ್ಚಿಗಳು ಲಾರಿ ಹತ್ತಿಯಾಗಿದ್ದವು. ಶಾಮಿಯಾನ ಇಳಿದಿತ್ತು. ಗುರಿಯ ಕಮಾನು ಮಾತ್ರ ನಿಂತಿತ್ತು. ಅದರ ಎರಡು ಕಂಬಗಳ ನಡುವೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ರತ್ನ ನಿಂತಿದ್ದಳು. ಸುತ್ತ ಶಾಮಿಯಾನದ ಆಳುಗಳು ಹಗ್ಗ ಹಿಡಿದು ಗೋಳಾಡುತ್ತಿದ್ದರು.

"ಅಮ್ಮಾ, ನಮ್ಗ್ ಇನ್ನೊಂದ್ ಮದಿ ಮನಿಗ್ ಹೋಯ್ಕ್. ಬಿಡಿ."

"ನಮ್ಮನಿಯವ್ರ್ ಬತ್ತಾ ಇದ್ರ್. ಅವ್ರ್ ಬಪ್ಪುವರಿಗೆ ಒಂದ್ ಕಂಬ ಮುಟ್ಟುಕಾಗ."

ಪಾಂಡು ಕಮಾನಿನ ಈಚೆ ಬಂದು ನಿಂತ. ಇನ್ನು ನಾಲ್ಕು ಹೆಜ್ಜೆ. "ಹೆಣೆ, ಸಂಬಂಧ ತಪ್ಪಿ ಹೋಯ್ತ್" ಎಂದ.

"ಹೋಯ್ಲಿ!" ರತ್ನಳ ದನಿಗೆ ಆಳುಗಳು ಹಗ್ಗ ಬಿಟ್ಟು ಹಿಂದೆ ಸರಿದರು. "ನಮ್ಮನಿ ಗಂಡಸ್ರ ತಲಿ ಸಮ ಇಲ್ಲ ಅಂಬುಕೆ ಆ ಚೆನ್ನಯ್ಯ ಯಾರ್? ಅದನ್ ಹೇಳೂಕೆ ನಾ ಇಲ್ಯಾ?"

ಪಾಂಡುವಿಗೆ ನಗು ಬಂತು. ನಕ್ಕರೆ ತೊಡೆ ನೋಯುತ್ತಿತ್ತು.

"ಅಲ್ಲಿ ಎಂತಕ್ಕೆ ನಿಂತದ್?" ಎಂದು ರತ್ನ ಗದರಿದಳು. "ಒಳ್ಗ್ ಬನಿ. ಇವ್ರಿಗ್ ಹೊತ್ತಾಯ್ತ್."